ಒಂದು ಹನಿಯೂ ಬೀಳದ ರಟ್ಟು

ಈ ಕತೆಯನ್ನು ರಟ್ಟಿನಿಂದಲೇ ಶುರುಮಾಡಿ ಹೇಳಬೇಕು. ಲಾರಿ ಎಷ್ಟೇ ಅವಸರದ್ದಿರಲಿ, ಮಾಲೀಕ ಎಂಥವನೇ ಇರಲಿ, ಅಣ್ಣಿಗೇರಿಯ ಈರಬಸಪ್ಪ ಮಿಸ್ತ್ರಿ ಮೊದಲ ದಿನ ನಟ್ಟು ಬಿಚ್ಚುವ ಪಾನಾ ಮುಟ್ಟುವುದೇ ಇಲ್ಲ. ಫ್ರಿಜ್ಜಿನ ಡಬ್ಬಿ ಬಿಡಿಸಿ ಮಾಡಿದ, ಮಂಚದಷ್ಟು ದೊಡ್ಡ ರಟ್ಟನ್ನು ಎಂಜಿನ್ನಿನ ಅಡಿ ಸರಿಸಿ, ನಾಲ್ಕು ಮೂಲೆಗೆ ನಾಲ್ಕು ಕಲ್ಲಿಟ್ಟು, “ನಾಳೆ ಮುಂಜಾನೆ ಬರ್ರಿ” ಎಂದುಬಿಡುತ್ತಾನೆ. ರಾತ್ರಿಯೆಲ್ಲ ಎಂಜಿನ್ನು ಹನಿಸಿದ್ದನ್ನು ಬೆಳಿಗ್ಗೆ ಕನ್ನಡಕ ಏರಿಸಿಕೊಂಡು ಓದುತ್ತಾನೆ. ಮುಂದಿನ ಹನಿ ಯಾವ ಸೀಲಿನದು, ಹಿಂದಿನದು ಯಾವುದರದು, ಡೀಸೆಲ್ಲು ಎಲ್ಲಿ ಹರಡಿದೆ, ರೇಡಿಯೇಟರಿನ ನೀರು ಎಲ್ಲಿ ಬಿದ್ದಿದೆ, ಎಲ್ಲ ಅದರಲ್ಲೇ ಇರುತ್ತದೆ. ಹುಬ್ಬಳ್ಳಿ-ಗದಗ ರಸ್ತೆಯ ಮೇಲೆ ಅವನದಕ್ಕಿಂತ ದೊಡ್ಡ ಗ್ಯಾರೇಜುಗಳು ಬೇಕಾದಷ್ಟಿವೆ. ಆದರೆ ಅರವತ್ತು ದಾಟಿದ ಈ ಮನುಷ್ಯ ರಟ್ಟು ನೋಡಿ ಹೇಳುವುದನ್ನು ಅವರು ಕಂಪ್ಯೂಟರ್ ಹಚ್ಚಿದರೂ ಹೇಳಲಾರರು. ಬರೀ ಹೊಗಳಿಕೆ ಅಲ್ಲ ಇದು, ಆ ರಸ್ತೆಯ ಯಾವ ಡ್ರೈವರನನ್ನಾದರೂ ಕೇಳಿ.

ಓದಿ ಮುಗಿದ ರಟ್ಟುಗಳು ನೀರೊಲೆಗೆ ಹೋಗುತ್ತವೆ. ಒಂದು ಹೋಗಲಿಲ್ಲ. ಗ್ಯಾರೇಜಿನ ತಗಡಿನ ಗೋಡೆಗೆ, ಬಸವಣ್ಣನ ಫೋಟೋದ ಕೆಳಗೆ, ಹನ್ನೊಂದು ವರ್ಷದಿಂದ ಮೊಳೆ ಹೊಡೆಸಿಕೊಂಡು ನಿಂತಿದೆ. ಅದರ ಮೇಲೆ ಒಂದೇ ಒಂದು ಹನಿ ಇಲ್ಲ. ಹೊಸಬರು ಅದನ್ನು ನೋಡಿ, ಖಾಲಿ ರಟ್ಟಿಗೆ ಇಷ್ಟು ಮರ್ಯಾದೆ ಯಾಕೆ ಎಂದು ನಗುತ್ತಾರೆ. ಈರಬಸಪ್ಪ ನಗುವುದಿಲ್ಲ.

ಹೋದ ಮಾಘದಲ್ಲಿ, ಶಿವರಾತ್ರಿಗೆ ಇನ್ನೂ ಹದಿನೈದು ದಿನ ಇದ್ದಾಗ, ಕಾಶಿನಾಥನ ಹತ್ತು ಗಾಲಿಯ ಲಾರಿ ಗ್ಯಾರೇಜಿನ ಮುಂದೆ ಬಂದು ನಿಂತಿತು. ಕಾಶಿನಾಥ ಅದೇ ಊರಿನ ಕಾಳು-ಕಡಿ ವ್ಯಾಪಾರಿ. ಲಾರಿ ನಡೆಸುವವನು ದಾವೂದಸಾಬ. ಈ ದಾವೂದಸಾಬ ಮತ್ತು ಈರಬಸಪ್ಪ ಒಂದೇ ಓಣಿಯವರು, ಒಂದೇ ಹುಣಸೆಮರಕ್ಕೆ ಕಲ್ಲೆಸೆದು ಬೆಳೆದವರು. ಈರಬಸಪ್ಪ ತಮ್ಮನಿಗೆ ಹೊಲ ಬಿಟ್ಟುಕೊಟ್ಟು ಪಾನಾ ಹಿಡಿದಾಗ ಊರೆಲ್ಲ ಆಡಿಕೊಂಡಿತ್ತು. ಅವನಿಂದ ಮೊದಲ ಲಾರಿ ರಿಪೇರಿ ಮಾಡಿಸಿದವನು ದಾವೂದಸಾಬ.

“ಕಾಕಾ, ಎಣ್ಣಿ ಸೋರಾಕ ಹತ್ತೇತಿ. ಸೀಲು, ಪ್ಯಾಕಿಂಗು ಎಲ್ಲಾ ಹೊಸಾವು ಹಾಕಿಬಿಡ್ರಿ,” ಎಂದ ಕಾಶಿನಾಥ. “ಶುಕ್ರವಾರ ಯರಗುಪ್ಪಿಯೊಳಗ ಕಡ್ಲಿ ಲೋಡ್ ಐತಿ. ಘಟ್ಟಾ ಇಳದು ಅಂಕೋಲಾಕ್ಕ ಹೋಗಬೇಕು.”

“ರಟ್ಟು ಏನಂತೈತಿ ನೋಡೂಣು.”

“ನಿಮ್ಮ ರಟ್ಟಿನ ಜಾತಕ ನನಗ ಗೊತ್ತಿಲ್ಲೇನ್ರಿ. ಒಂದೀಟು ಲಗೂನ ನೋಡ್ರಿ.”

ಬೇರೆ ದಿನವಾಗಿದ್ದರೆ ದಾವೂದಸಾಬ ನಡುವೆ ಬಾಯಿ ಹಾಕಿ, ರಟ್ಟಿಗೂ ಒಂದು ಚಹಾ ಹೇಳಿ ಎಂದು ಎಲ್ಲರನ್ನೂ ನಗಿಸುತ್ತಿದ್ದ. ಅವತ್ತು ಅವನು ಲಾರಿಯ ಇನ್ನೊಂದು ಬಾಜು ನಿಂತು, ಗಟ್ಟಿಯಾಗಿಯೇ ಇದ್ದ ಗಾಲಿಯ ನಟ್ಟನ್ನು ಮತ್ತೆ ಮತ್ತೆ ಬೆರಳಿನಿಂದ ತಿರುವಿ ನೋಡುತ್ತಿದ್ದ.

ಮರುದಿನ ಬೆಳಿಗ್ಗೆ ಈರಬಸಪ್ಪ ರಟ್ಟು ಎಳೆದ. ಎಳೆದವನು ಅಲ್ಲೇ ಕುಕ್ಕರಗಾಲಿನಲ್ಲಿ ಕೂತುಬಿಟ್ಟ. ಮುಂದೆ, ಹಿಂದೆ, ಎಡಕ್ಕೆ, ಬಲಕ್ಕೆ, ಒಟ್ಟು ಏಳು ಕಡೆ ಕರಿ ಹನಿ ಬಿದ್ದು ಒಂದಕ್ಕೊಂದು ಕೂಡಿಕೊಂಡಿದ್ದವು. ಒಂದು ಸೀಲು ಹೋಗುವುದುಂಟು, ಎರಡು ಹೋಗುವುದುಂಟು. ಏಳೂ ಮಾತಾಡಿಕೊಂಡು ಒಟ್ಟಿಗೇ ಹೋಗುವುದಿಲ್ಲ. ಒಳಗಿನಿಂದ ಯಾವುದೋ ಎಲ್ಲ ಬಾಗಿಲುಗಳನ್ನೂ ಒಮ್ಮೆಲೇ ತಳ್ಳುತ್ತಿದೆ ಎಂದು ಅವನಿಗೆ ಅನ್ನಿಸಿತು.

ದಾವೂದಸಾಬನಿಗೆ ಎಂಜಿನ್ನು ಚಾಲು ಮಾಡಲು ಹೇಳಿ, ಎಣ್ಣೆ ಅಳೆಯುವ ಕಡ್ಡಿಯನ್ನು ಎಳೆದು ಹೊರಗೆ ತೆಗೆದ. ಜೇಬಿನಿಂದ ಒಂದು ಎಳೆ ಹತ್ತಿ ತೆಗೆದು, ಕಡ್ಡಿ ಇದ್ದ ಕೊಳವೆಯ ಬಾಯಿಗೆ ಇಟ್ಟ. ಇದು ಅವನ ಎರಡನೆಯ ಪರೀಕ್ಷೆ. ಆರೋಗ್ಯವಾಗಿರುವ ಎಂಜಿನ್ನಿನಲ್ಲಿ ಹತ್ತಿ ಸುಮ್ಮನೆ ಅಲುಗುತ್ತದೆ, ಮಲಗಿದ ಕೂಸಿನ ಮೂಗಿನ ಮುಂದೆ ಇಟ್ಟ ಹಾಗೆ. ಈ ಹತ್ತಿ ಹಾರಿ ಹೋಗಿ ಲಾರಿಯ ಗಾಜಿಗೆ ಅಂಟಿಕೊಂಡಿತು.

“ನೋಡಿದೇನು ದಾವೂದ?”

“ನೋಡಿದೆ.”

“ಒಳಗ ಗಾಳಿ ತುಂಬೇತಿ. ಹೊರಗ ಬಿಡೂ ಪೈಪು ಎಲ್ಲೋ ಕಟ್ಟೇತಿ.”

ದಾವೂದಸಾಬ ರಸ್ತೆಯಾಚೆಯ ರೈಲು ಹಳಿಯ ಕಡೆ ಮುಖ ಮಾಡಿಕೊಂಡು ನಿಂತ. ಆಗ ಯಾವ ರೈಲೂ ಬರುತ್ತಿರಲಿಲ್ಲ.

ಎಂಜಿನ್ನಿನೊಳಗೆ ಸುಟ್ಟ ಹೊಗೆ ಅಷ್ಟಿಷ್ಟು ಕೆಳಗೆ ನುಸುಳಿ, ಎಣ್ಣೆಯ ಮನೆಗೆ ಇಳಿಯುತ್ತದೆ. ಅದು ಉಸಿರುಗಟ್ಟಬಾರದೆಂದು ಪಕ್ಕಕ್ಕೆ ಒಂದು ರಬ್ಬರಿನ ಪೈಪು ಇಳಿಬಿಟ್ಟಿರುತ್ತಾರೆ. ಹೊಗೆಯ ಜೊತೆ ಎಣ್ಣೆಯ ಹನಿಯೂ ಅದರಿಂದ ಬೀಳುವುದು ರೂಢಿ. ಈರಬಸಪ್ಪ ಗೋಣಿಚೀಲ ಹಾಸಿಕೊಂಡು ಲಾರಿಯ ಅಡಿ ತೂರಿ, ಆ ಪೈಪಿನ ಬಾಯಿ ಹುಡುಕಿದ. ಬಾಯಿಗೆ ಏನೋ ಬಡಿದಿದ್ದರು. ಪಕ್ಕಡದಿಂದ ಹಿಡಿದು, ಹಲ್ಲು ಕಚ್ಚಿ ಎಳೆದ ಮೇಲೆ ಬಂತು: ಗೋವಿನಜೋಳದ ಬೆಂಡು. ಕಾಳು ಬಿಡಿಸಿದ ಒಣ ಬೆಂಡಿಗೆ ನೀಲಿ ಚೌಕಳಿ ಲುಂಗಿಯ ತುಂಡು ಸುತ್ತಿ, ಸುತ್ತಿಗೆಯಿಂದ ಬಡಿದದ್ದು. ಎಣ್ಣೆ ಕುಡಿದು ಕುಡಿದು ಇದ್ದಿಲಿನಂತಾಗಿತ್ತು. ಅದು ಹೊರಬಿದ್ದ ಕೂಡಲೇ ಎಂಜಿನ್ನು ಬಹಳ ಹೊತ್ತು ತಡೆದ ಉಸಿರು ಬಿಟ್ಟಂತೆ ಸದ್ದು ಮಾಡಿತು.

“ಯಾರ ಲುಂಗಿ ಇದು?” ಅಡಿಯಿಂದಲೇ ಕೇಳಿದ.

“ನಂದು.”

“ಹುಚ್ಚು ಹಿಡದಿತ್ತೇನ್ಲೇ ನಿನಗ? ಮೂವತ್ತು ವರ್ಷಾ ಸ್ಟೇರಿಂಗ್ ಹಿಡದಾಂವ ನೀನು.”

ದಾವೂದಸಾಬ ಬಗ್ಗಿ, ಗಾಲಿಗೆ ಕೈ ಊರಿ, ತಗ್ಗಿದ ದನಿಯಲ್ಲಿ ಹೇಳಿದ. “ಆ ಪೈಪಿನ ಎಣ್ಣಿ ಬೀಳೂದು ಸಾವಕಾರ್ರ ಅಂಗಳದಾಗ, ಕಸ್ತೂರೆವ್ವಾರು ರಂಗೋಲಿ ಹಾಕೂ ಜಾಗಾದಾಗ. ಎಪ್ಪತ್ತೈದು ವರ್ಷದ ಮುದಕಿ, ಸಾವಕಾರ್ರ ಹೆತ್ತ ತಾಯಿ. ನಾ ಮುಂಜಾನೆ ಹ್ವಾದ್ರ ಮೊಣಕಾಲೂರಿ ಸೋಡಾಪುಡಿ ಹಾಕಿ ತಿಕ್ಕತಿರತಾಳು. ಒಂದು ದಿನಾ ನನಗ ಏನೂ ಅನ್ನಲಿಲ್ಲ. ಬೈದಿದ್ರ ಬ್ಯಾರೆ ಮಾತಿತ್ತು. ತಿಕ್ಕೂದು ಬಿಟ್ಟು ಎದ್ದು ನನಗ ಚಾ ತಂದು ಕೊಡತಿದ್ಳು. ಗಂಟಲದಾಗ ಇಳೀಬೇಕಲ್ಲ ಅದು.”

“ಪೈಪಿಗೆ ಒಂದು ಡಬ್ಬಿ ಕಟ್ಟಬೇಕಿಲ್ಲೋ ಮಾರಾಯ.”

“ಕಟ್ಟಿದ್ದೆ. ಕಲಘಟಗಿ ರೋಡಿನ ತಗ್ಗಿನ್ಯಾಗ ಬಿದ್ಹೋತು. ಮತ್ತೊಂದು ಕಟ್ಟಿದೆ, ಅದೂ ಹೋತು. ಮಾನವಮಿ ಹಬ್ಬದ ಮುಂದ ಇದನ್ನ ಬಡದೆ. ಮರುದಿನಾ ಅಕಿ ಮುಖಾ ನೋಡಬೇಕಿತ್ತು ನೀ. ಎರಡು ಹೋಳಿಗಿ ಹೆಚ್ಚಿಗಿ ಹಾಕಿದ್ಳು.” ದನಿ ಇನ್ನೂ ತಗ್ಗಿಸಿ ಅಂದ: “ಸಾವಕಾರ್ಗ ಹೇಳಬ್ಯಾಡ ಈರಣ್ಣ. ಇವತ್ತ ಚಾವಿ ಕಸಗೊಂತಾರ.”

ಬೆಂಡು ಬಂತು, ರೋಗ ಹೋಯಿತು ಎಂದುಕೊಂಡಿರಾ? ಈರಬಸಪ್ಪನೂ ಹಾಗೇ ಅಂದುಕೊಂಡಿದ್ದ. ಹತ್ತಿಯನ್ನು ಮತ್ತೊಮ್ಮೆ ಇಟ್ಟ. ಪೈಪು ಬಿಚ್ಚಿದ್ದರೂ ಅದು ಗೇಣು ಎತ್ತರ ಹಾರಿತು. ನಾಲ್ಕು ತಿಂಗಳು ಉಸಿರುಗಟ್ಟಿದ ಎಂಜಿನ್ನು ಒಳಗೊಳಗೇ ಸವೆದುಹೋಗಿತ್ತು. ಆಮೇಲೆ ಅವನು ಗಾಳಿ ಒಳಗೆಳೆಯುವ ದೊಡ್ಡ ಕೊಳವೆ ಬಿಚ್ಚಿ ಬೆರಳು ಹಾಕಿದ. ಬರೀ ಗಾಳಿ ಇರಬೇಕಾದ ಆ ಜಾಗದಲ್ಲಿ ಬೆರಳು ಎರಡು ಗೆಣ್ಣಿನ ತನಕ ಎಣ್ಣೆಯಲ್ಲಿ ಮುಳುಗಿತು.

ಆ ಬೆರಳನ್ನು ಅವನು ಬಹಳ ಹೊತ್ತು ಒರೆಸಿಕೊಳ್ಳಲಿಲ್ಲ.

ಯಾಕೆ ಅಂತ ಹೇಳದಿದ್ದರೆ ನಿಮಗೂ ತಿಳಿಯುವುದಿಲ್ಲ. ಡೀಸೆಲ್ ಎಂಜಿನ್ನಿಗೆ ಡೀಸೆಲ್ಲೇ ಬೇಕೆಂದಿಲ್ಲ, ಉರಿಯುವುದು ಏನು ಸಿಕ್ಕರೂ ಓಡುತ್ತದೆ. ಗಾಳಿಯ ದಾರಿಯಲ್ಲಿ ತನ್ನದೇ ಎಣ್ಣೆಯ ರುಚಿ ಹತ್ತಿತೋ, ಆಮೇಲೆ ಅದಕ್ಕೆ ಡ್ರೈವರ್ ಬೇಡ. ಚಾವಿ ತಿರುವಿದರೂ ನಿಲ್ಲುವುದಿಲ್ಲ. ಓಡಿದಷ್ಟೂ ಕುಡಿಯುತ್ತದೆ, ಕುಡಿದಷ್ಟೂ ಜೋರಾಗಿ ಓಡುತ್ತದೆ. ಸೋರುವ ಏಳು ಬಾಗಿಲು ತೆರೆದಿರುವ ತನಕ ಒಳಗಿನ ಒತ್ತಡ ಅಲ್ಲಿಂದ ಹೋಗುತ್ತಿರುತ್ತದೆ. ಆ ಏಳನ್ನೂ ಮುಚ್ಚಿದರೆ ಉಳಿಯುವುದು ಗಾಳಿಯ ಕೊಳವೆಯ ದಾರಿಯೊಂದೇ.

ಹನ್ನೊಂದು ವರ್ಷದ ಹಿಂದೆ ಹಾಗೆ ಮುಚ್ಚಿದವನು ಈರಬಸಪ್ಪನೇ. ಗೌರೀಶ ಎಂಬ ಡ್ರೈವರನ ಲಾರಿ. ಸೀಲುಗಳನ್ನೆಲ್ಲ ಹೊಸವು ಹಾಕಿ, ಒಂದು ಹನಿಯೂ ಕೆಳಗೆ ಬೀಳಬಾರದೆಂದು ಆ ರಬ್ಬರಿನ ಪೈಪನ್ನೂ ತಿರುವಿ ಗಾಳಿಯ ಕೊಳವೆಗೆ ಸೇರಿಸಿದ್ದ. ಮರುದಿನ ರಟ್ಟು ಅಂಗಡಿಯಿಂದ ತಂದಂತೆಯೇ ಇತ್ತು. ಹೆಮ್ಮೆಯಿಂದ ಎಲ್ಲರಿಗೂ ತೋರಿಸಿದ್ದ. ಮೂರನೆಯ ದಿನ ದುಮ್ಮವಾಡದ ಹತ್ತಿರ, ಭತ್ತದ ಹುಲ್ಲು ಹೇರಿಕೊಂಡಿದ್ದ ಲಾರಿ ತನ್ನಷ್ಟಕ್ಕೆ ತಾನು ಅಬ್ಬರಿಸತೊಡಗಿತು. ಗೌರೀಶ ಚಾವಿ ಕಿತ್ತರೂ ನಿಲ್ಲಲಿಲ್ಲ. ಕೆಳಗಿಳಿದು, ಗಾಳಿಯ ಬಾಯಿಗೆ ಗೋಣಿಚೀಲ ತುರುಕಲು ಹೋದ. ಹುಲ್ಲಿಗೆ ಕಿಡಿ ಹತ್ತಿತು. ಅವನ ಎಡಗೈಯ ಬೆರಳುಗಳು ಇವತ್ತಿಗೂ ಮಡಚುವುದಿಲ್ಲ. ಊಟ ಬಲಗೈಯಲ್ಲಲ್ಲವೇ, ಏನಾಯಿತೀಗ ಎಂದು ಗೌರೀಶನೇ ನಗುತ್ತಾನೆ. ಆ ನಗು ಕೇಳಿದ ದಿನ ಈರಬಸಪ್ಪ ಊಟ ಬಿಡುತ್ತಾನೆ.

ಮಧ್ಯಾಹ್ನ ಕಾಶಿನಾಥ ಬಂದ.

“ಎಂಜಿನ್ನ ಬದಲಿ ಮಾಡ್ರಿ ಸಾವಕಾರ್ರ. ಸೀಲ್ ಹಾಕೂದು ಬ್ಯಾಡ.”

“ಸೋರೂದು ಸೀಲು, ಬದಲಿ ಮಾಡೂದು ಎಂಜಿನ್ನು. ನಳಾ ಸೋರಿದ್ರ ಮನೀನ ಕೆಡವತಾರೇನ್ರಿ ಕಾಕಾ?”

“ಇದು ನಳಾ ಅಲ್ರಿ. ಒಳಗ ಉರಿ ಐತಿ, ನೀವು ಕಿಡಕಿ ಮುಚ್ಚು ಅಂತೀರಿ.”

“ಮೊನ್ನೆ ಮೊನ್ನೆ ತನಕಾ ಛಲೋ ಇತ್ತು. ಎದಕ್ಕ ಹಿಂಗಾತು, ಅದನ್ನರ ಹೇಳ್ರಿ.”

ಈರಬಸಪ್ಪನ ಅಂಗಿಯ ಜೇಬಿನಲ್ಲಿ ಆ ಬೆಂಡು ಇತ್ತು. ಅದರ ಎಣ್ಣೆ ಬಟ್ಟೆಗಿಳಿದು ಎದೆಗೆ ತಂಪಾಗಿ ಅಂಟುತ್ತಿತ್ತು. ಅವನು ದಾವೂದಸಾಬನ ಕಡೆ ನೋಡಿದ. ದಾವೂದಸಾಬ ನೆಲ ನೋಡುತ್ತಿದ್ದ.

“ವಯಸ್ಸಾಗೇತಿ ಎಂಜಿನ್ನಿಗೆ,” ಎಂದ.

“ವಯಸ್ಸಾದವ್ರನ್ನೆಲ್ಲಾ ಬದಲಿ ಮಾಡ್ಕೋತ ಹ್ವಾದ್ರ, ಮೊದಲ ಮಿಸ್ತ್ರೀನ ಬದಲಿ ಮಾಡಬೇಕಾಕ್ಕೈತಿ,” ಎಂದು ಕಾಶಿನಾಥ ನಕ್ಕ. ಸಿಟ್ಟಿರಲಿಲ್ಲ ಅವನಿಗೆ. ಅಂದೇ ಸಂಜೆ ಲಾರಿ ಗದಗಿನ ಹೊರವಲಯದ ಇನ್ನೊಂದು ಗ್ಯಾರೇಜಿಗೆ ಹೋಯಿತು. ಗುರುವಾರ ಮಧ್ಯಾಹ್ನ ತಿರುಗಿ ಬಂತು, ಎಂಜಿನ್ನು ತೊಳೆದು, ಒರೆಸಿ, ಮದುಮಗನಂತೆ.

ಪೂರ್ತಿ ಸುಳ್ಳಾಗಿದ್ದರೆ ಈರಬಸಪ್ಪನಿಗೆ ಅಷ್ಟು ಚುಚ್ಚುತ್ತಿರಲಿಲ್ಲವೇನೋ. ಅವನು ಹೇಳಿದ್ದು ಅರ್ಧ ನಿಜ. ಬೆಂಡು ತೋರಿಸಿದ್ದರೆ ಕಾಶಿನಾಥ ನಂಬುತ್ತಿದ್ದ, ದಾವೂದನ ಚಾವಿ ಹೋಗುತ್ತಿತ್ತು. ತೋರಿಸದೆ ದಾವೂದನ ಚಾವಿ ಉಳಿಯಿತು. ಆ ಚಾವಿ ಹಿಡಿದೇ ಅವನು ನಾಳೆ ಘಟ್ಟ ಇಳಿಯುವವನಿದ್ದ. ಗುರುವಾರ ದೀಪ ಹಚ್ಚುವ ಹೊತ್ತಿಗೆ ಈರಬಸಪ್ಪ ಒಂದು ರಟ್ಟನ್ನು ಸ್ಕೂಟರಿಗೆ ಕಟ್ಟಿಕೊಂಡು ಕಾಶಿನಾಥನ ಅಂಗಳಕ್ಕೆ ಹೋಗಿ, ಯಾರಿಗೂ ಏನೂ ಹೇಳದೆ ಲಾರಿಯ ಅಡಿ ಸರಿಸಿ ಬಂದ.

ಶುಕ್ರವಾರ ಹೊತ್ತು ಮೂಡುವಾಗ ಮತ್ತೆ ಹೋದ. ಕಸ್ತೂರೆವ್ವ ರಂಗೋಲಿ ಮುಗಿಸಿ ಕೈ ಝಾಡಿಸುತ್ತಿದ್ದಳು.

“ಬಾರಪಾ ಈರಬಸಪ್ಪ. ಇವತ್ತ ನನ್ನ ತಿಕ್ಕೂದು ತಪ್ಪಿತು ನೋಡು. ಅವ್ರು ಯಾರೋ ಗದಗಿನವ್ರು ಭಾಳ ಶ್ಯಾಣ್ಯಾರ ಇರಬೇಕು.”

ಅವನು ರಟ್ಟು ಎಳೆದ. ಒಂದು ಹನಿಯೂ ಇರಲಿಲ್ಲ. ಎಂಜಿನ್ನಿನ ಅಡಿ ತಲೆ ಹಾಕಿ ನೋಡಿದ. ಇಳಿಬಿದ್ದಿರಬೇಕಾದ ರಬ್ಬರಿನ ಪೈಪು ಅಲ್ಲಿರಲಿಲ್ಲ. ಅದನ್ನು ಮೇಲಕ್ಕೆ ತಿರುವಿ ಗಾಳಿಯ ಕೊಳವೆಗೆ ಸೇರಿಸಿದ್ದರು. ಅವನೇ ಹನ್ನೊಂದು ವರ್ಷದ ಹಿಂದೆ ಸೇರಿಸಿದಷ್ಟೇ ಚೆನ್ನಾಗಿ. ಈರಬಸಪ್ಪ ಎದ್ದು ಬಂದು ಕಟ್ಟೆಯ ಮೇಲೆ ಕೂತ.

ಅಷ್ಟರಲ್ಲಿ ದಾವೂದಸಾಬ ಬಂದು, ಬಿಸಿಯಾಗಲೆಂದು ಎಂಜಿನ್ನು ಚಾಲು ಮಾಡಿದ. ಕಾಶಿನಾಥನೂ ಹೊರಗೆ ಬಂದ. ಆ ಮನೆಯಲ್ಲಿ ಒಂದು ಪದ್ಧತಿ ಇದೆ: ಲಾರಿ ದೂರದ ದಾರಿಗೆ ಹೊರಟಾಗ ಕಸ್ತೂರೆವ್ವ ತನ್ನ ಕೈಯಾರೆ ಅದರ ಗಾಜಿಗೆ ಮೂರು ಬೆರಳು ವಿಭೂತಿ ಎಳೆಯಬೇಕು. ಎಳೆಯುವ ತನಕ ಗಾಲಿ ತಿರುಗುವುದಿಲ್ಲ. ಅವಳ ಗಂಡ ಚಕ್ಕಡಿ ಹೂಡುತ್ತಿದ್ದಾಗಿನಿಂದ ಬಂದದ್ದು. ಅವಳು ತಟ್ಟೆ ತರಲು ಒಳಗೆ ಹೋದಳು.

“ಮತ್ತ ರಟ್ಟು ತಂದ್ರೇನ್ ಕಾಕಾ?” ಎಂದ ಕಾಶಿನಾಥ. “ಓದ್ರಿ, ಏನು ಬರದೈತಿ?”

“ಏನೂ ಬರದಿಲ್ಲ.”

“ಅದನ್ನ ನಾ ಹೇಳಿದ್ದು.”

“ಅದಕ್ಕ ಅಂಜಿಕಿ ಬಂದೈತಿ ನನಗ.” ಈರಬಸಪ್ಪ ಜೇಬಿಗೆ ಕೈ ಹಾಕಿ ಬೆಂಡನ್ನು ತೆಗೆದು ಕಟ್ಟೆಯ ಮೇಲೆ ಇಟ್ಟ. “ಮೊನ್ನೆ ಎದಕ್ಕ ಅಂತ ಕೇಳಿದ್ರಿ. ನಾ ಪೂರಾ ಹೇಳಲಿಲ್ಲ.”

ಕಸ್ತೂರೆವ್ವ ತಟ್ಟೆ ಹಿಡಿದು ಬಾಗಿಲಿಗೆ ಬಂದು ನಿಂತಿದ್ದಳು. ಲಾರಿಯ ಮೇಲಿಂದ ದಾವೂದಸಾಬ ಬೆಂಡನ್ನು ನೋಡಿದ. ಬಾಯಿ ತೆರೆದವನು ಅವನೇ.

“ನಾನ ಬಡದಿದ್ದು ಅವ್ವಾರ. ಉಸಿರಾಡೂ ಪೈಪಿಗೆ. ನಿಮ್ಮ ರಂಗೋಲಿ ಮ್ಯಾಲ ಎಣ್ಣಿ ಬೀಳತಿತ್ತಂತ. ಅದರಿಂದನ ಎಂಜಿನ್ನು ಹಾಳಾತು.”

ಕಾಶಿನಾಥನ ಮುಖ ಕೆಂಪಾಯಿತು. “ಇಳಿ ಕೆಳಗ. ಚಾವಿ ಕೊಡು ಇಲ್ಲೆ.”

ದಾವೂದಸಾಬ ಚಾವಿ ತಿರುವಿ, ಕಿತ್ತುಕೊಂಡು, ಕೆಳಗಿಳಿದ. ಅಂಗೈಯಲ್ಲಿ ಇಟ್ಟು ಮುಂದೆ ಚಾಚಿದ.

ಎಂಜಿನ್ನು ನಿಲ್ಲಲಿಲ್ಲ.

ಮೊದಲು ಯಾರಿಗೂ ಅದು ತಿಳಿಯಲಿಲ್ಲ. ತಿಳಿದ ಮೇಲೆ ಯಾರೂ ಅಲುಗಲಿಲ್ಲ. ಚಾವಿ ಅಂಗೈಯಲ್ಲಿತ್ತು, ಲಾರಿಯಲ್ಲಿ ಯಾರೂ ಇರಲಿಲ್ಲ, ಎಂಜಿನ್ನು ತನ್ನ ಪಾಡಿಗೆ ತಾನು ಓಡುತ್ತಿತ್ತು. ಒಂದು, ಎರಡು, ಮೂರು ಎಂದು ಈರಬಸಪ್ಪ ಮನಸ್ಸಿನಲ್ಲೇ ಎಣಿಸಿದ. ನಾಲ್ಕಕ್ಕೆ ಅದರ ದನಿ ಇಳಿಯುವ ಬದಲು ಸ್ವಲ್ಪ ಏರಿತು. ಗೂಟದ ಎಮ್ಮೆ ಹಗ್ಗ ಜಗ್ಗಿತು. ಒಂಬತ್ತಕ್ಕೆ ಅದು ಕೆಮ್ಮಿ, ಇಡೀ ಲಾರಿಯನ್ನು ಒಮ್ಮೆ ನಡುಗಿಸಿ, ನೀಲಿ ಹೊಗೆ ಉಗುಳಿ ನಿಂತಿತು. ಹೊಗೆ ರಂಗೋಲಿಯ ಮೇಲೆ ಇಳಿದು ಕೂತಿತು.

ಕಸ್ತೂರೆವ್ವ ಮಗನನ್ನು ಕೇಳಿದಳು, “ಚಾವಿ ಅವನ ಕೈಯಾಗ ಐತಿ. ಮತ್ತ ಇಷ್ಟೊತ್ತನ ಅದನ್ನ ಓಡಿಸಿದವ್ರು ಯಾರಪಾ?”

ಅವಳು ವಿಭೂತಿಯ ತಟ್ಟೆಯನ್ನು ಸೆರಗಿನಿಂದ ಮುಚ್ಚಿ ಒಳಗೆ ತಗೊಂಡು ಹೋದಳು. ಬಾಗಿಲ ಒಳಗಿನಿಂದ ಅವಳ ದನಿ ಮಾತ್ರ ಕೇಳಿಸಿತು. “ದಾವೂದ, ಹಂಗ ಹೋಗಬ್ಯಾಡ, ಚಾ ಇಡತೀನಿ. ಒಂದು ಮಾತು ಹೇಳಬೇಕಿಲ್ಲೋ ನನಗ. ಜೀವಕ್ಕಿಂತ ಅಂಗಳಾ ಹೆಚ್ಚಿಂದಾತೇನು?”

ಕಡ್ಲಿ ಬೇರೆಯವರ ಲಾರಿಯಲ್ಲಿ ಹೋಯಿತು. ಎಂಜಿನ್ನು ಬದಲಿಯಾಯಿತು, ಈರಬಸಪ್ಪನ ಕೈಯಿಂದಲೇ. ಕಸ್ತೂರೆವ್ವನ ಮಾತಿನಿಂದ ದಾವೂದಸಾಬನ ಕೆಲಸವೂ ಉಳಿಯಿತು. ಪೈಪಿನ ಕೆಳಗೆ ಈಗ ಮೂರು ತಂತಿ ಬಿಗಿದ ಡಬ್ಬಿ ಇದೆ, ಕಸ್ತೂರೆವ್ವನ ರಂಗೋಲಿ ಎರಡು ಮಾರು ಆಚೆ ಸರಿದಿದೆ. ಇಲ್ಲಿಗೆ ಮುಗಿದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

ಇಳಿಸಿದ ಹಳೆಯ ಎಂಜಿನ್ನು ಗ್ಯಾರೇಜಿನ ಹಿಂದೆ ಕೂತಿತ್ತು. ಅದನ್ನು ಘನದ ಸುತ್ತಿಗೆ ತಗೊಂಡು ಒಡೆದುಹಾಕಬೇಕು, ಯಾರಿಗೂ ಕೊಡಬಾರದು ಎಂದು ಈರಬಸಪ್ಪ ಅಂದುಕೊಂಡಿದ್ದ. ತಂಗಿಯ ಊರಿಗೆ ಮದುವೆಗೆಂದು ಎರಡು ದಿನ ಹೋಗಿ ಬಂದ. ಬಂದಾಗ ಅಲ್ಲಿ ಎಂಜಿನ್ನು ಇರಲಿಲ್ಲ, ಅದು ಕೂತಿದ್ದ ಎರಿಮಣ್ಣಿನಲ್ಲಿ ಚೌಕಾಕಾರದ ತಗ್ಗು ಮಾತ್ರ ಇತ್ತು.

“ಹುಬ್ಬಳ್ಳಿಯಿಂದ ಯಾರೋ ಬಂದಿದ್ರು ಕಾಕಾ, ಕೊಟ್ಟೆ,” ಎಂದ ಕಾಶಿನಾಥ. “ನಾ ಮೋಡಕಾಕ್ಕ, ಗುಜರಿ ಕಬ್ಬಿಣಾ ಅಂತನ ಕೊಟ್ಟಿದ್ದು. ಅಂವ ನೋಡಿ, ಇಷ್ಟು ಛಲೋ ಐತಿ, ಒಂದು ಹನಿ ಸೋರೂದಿಲ್ಲ, ಮೋಡಕಾಕ್ಕ ಯಾಕ ಅಂದ.” ಹೆಸರು ಕೇಳಿರಲಿಲ್ಲ, ಫೋನ್ ನಂಬರೂ ಇಟ್ಟುಕೊಂಡಿರಲಿಲ್ಲ. ಈರಬಸಪ್ಪ ಅವನನ್ನು ಬೈಯಲಿಲ್ಲ. ಆ ಮಣ್ಣಿನ ತಗ್ಗನ್ನು ಸುಮಾರು ಹೊತ್ತು ನೋಡಿದ, ಅಷ್ಟೇ. ಅದರಲ್ಲೂ ಒಂದು ಹನಿ ಎಣ್ಣೆ ಇರಲಿಲ್ಲ.

ಹಾಗಾಗಿ ಆ ಎಂಜಿನ್ನು ಈಗ ಎಲ್ಲಿದೆಯೋ ಗೊತ್ತಿಲ್ಲ. ಯಾವುದೋ ಲಾರಿಯ ಎದೆಯಲ್ಲಿ ಕೂತು, ಯಾವುದೋ ರಸ್ತೆಯಲ್ಲಿ ಓಡುತ್ತಿರಬೇಕು. ಈರಬಸಪ್ಪ ತಾನು ಬಿಚ್ಚಿದ ಎಂಜಿನ್ನಿಗೆಲ್ಲ ಎಡಬಾಜು, ಎಣ್ಣೆ ಚೇಂಬರಿನ ಅಂಚಿಗೆ, ಉಳಿಯಿಂದ ಮೂರು ಚುಕ್ಕೆ ಹೊಡೆಯುತ್ತಾನೆ. ಇದಕ್ಕೂ ಹೊಡೆದಿದ್ದಾನೆ. ಈಗ ಗ್ಯಾರೇಜಿನ ಮುಂದೆ ಚಹಾಕ್ಕೆಂದು ಯಾವ ಲಾರಿ ನಿಂತರೂ, ಅವನು ಟಾರ್ಚು ಹಿಡಿದು ಅಡಿ ತೂರುತ್ತಾನೆ. ಡ್ರೈವರುಗಳು, ಮಿಸ್ತ್ರಿಗೆ ಅರಳು ಮರಳು ಎಂದು ನಗುತ್ತಾರೆ. ನಗಲಿ ಬಿಡಿ.

ನೀವು ಒಮ್ಮೆ ಹೋಗಿ ಅವನನ್ನು ನೋಡಿ. ಅಣ್ಣಿಗೇರಿ ದಾಟಿ ಗದಗಿನ ಕಡೆ ಹೊರಟರೆ ಎಡಕ್ಕೆ ತಗಡಿನ ಗ್ಯಾರೇಜು, ಬಸವಣ್ಣನ ಫೋಟೋ, ಅದರ ಕೆಳಗೆ ಖಾಲಿ ರಟ್ಟು. ಕಾಶಿನಾಥನ ಅಂಗಳದ್ದೂ ಸೇರಿ ಈಗ ಅಲ್ಲಿರುವುದು ಎರಡು. ಚಹಾ ಕೊಡದೆ ಕಳಿಸುವುದಿಲ್ಲ ಅವನು. ಲಾರಿಯವರು ಯಾರಾದರೂ ಪರಿಚಯವಿದ್ದರೆ ಜೊತೆಗೆ ಕರೆದುಕೊಂಡು ಹೋಗಿ. ಅವರ ಲಾರಿ ಎಣ್ಣೆ ಸೋರುತ್ತಿದ್ದರೆ ಅವಸರವಿಲ್ಲ, ಬಿಡುವು ನೋಡಿಕೊಂಡು ಹೋದರಾಯಿತು. ಈಚೆಗೆ ಕೊಂಡ ಹಳೆಯ ಎಂಜಿನ್ನು, ನೋಡಲು ಹೊಸದರಂತಿದೆ, ಒಂದು ಹನಿಯೂ ಸೋರುವುದಿಲ್ಲ ಎಂದೇನಾದರೂ ಅವರು ಅಂದರೆ, ಇವತ್ತೇ ಹೋಗಿ.